ಎರಡನೆಯ ಹಾಳೆ

ತೊಂಬತ್ತೇಳರ ಚಳಿಗಾಲದಲ್ಲಿ ನನಗೊಂದು ಓದುವ ಕೆಲಸ ಸಿಕ್ಕಿತು. ಟೊರಾಂಟೋದ ಅಂಚಿನ ಸ್ಕಾರ್‌ಬರೋದ ಅಪಾರ್ಟ್‌ಮೆಂಟೊಂದರ ಒಂಬತ್ತನೇ ಮಹಡಿಯಲ್ಲಿ ಪೆಂಬ್ರಿ ಎಂಬ ಇಂಗ್ಲಿಷ್ ಕವಿ ಒಬ್ಬರೇ ಇದ್ದರು. ಎಂಬತ್ತು ದಾಟಿತ್ತು, ಕಣ್ಣು ಪೂರ್ತಿ ಹೋಗಿತ್ತು. ಆ ಕಟ್ಟಡದ ಬಾಯ್ಲರು, ಲಿಫ್ಟು, ಕಸ ಎಲ್ಲ ನೋಡಿಕೊಳ್ಳುತ್ತಿದ್ದವರು ನಮ್ಮ ನವಲಗುಂದದ ಕಡೆಯ ಗದಿಗೆಪ್ಪ ಕಾಕಾ.

“ಮುದುಕಗ ಓದಿ ಹೇಳವ್ರು ಬೇಕಂತವ್ವಾ, ಅಕ್ಷರಾ. ನೀನೂ ಮನ್ಯಾಗ ಸ್ನೋ ನೋಡ್ಕೋತ ಕೂತಿರ್ತಿ, ಹೋಗಬಾರದೇನು?” ಎಂದು ಅವರೇ ನನ್ನನ್ನು ಕರೆದೊಯ್ದರು.

ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದ ವರ್ಷಗಳಲ್ಲಿ ಪೆಂಬ್ರಿ ಒಂದು ಪುಟ್ಟ ಕವಿತಾ ಪತ್ರಿಕೆ ನಡೆಸಿದ್ದರು. ಶ್ವಾಸಕೋಶ ಸರಿಯಿಲ್ಲವೆಂದು ಸೈನ್ಯ ಅವರನ್ನು ವಾಪಸು ಕಳಿಸಿತ್ತು. ಕಾಗದಕ್ಕೂ ರೇಷನ್ನು, ಸಂಚಿಕೆಗೆ ಹದಿನಾರೇ ಪುಟ. ಮರುಭೂಮಿಯಿಂದ, ಬರ್ಮಾದಿಂದ, ಹಡಗುಗಳಿಂದ ಸೈನಿಕರು ಪೆನ್ಸಿಲಿನಲ್ಲಿ ಬರೆದು ಕಳಿಸಿದ್ದನ್ನು ಅವರು ಓದಿ, ಇಪ್ಪತ್ತು ಸಾಲನ್ನು ಹನ್ನೆರಡಕ್ಕಿಳಿಸಿ, ಪ್ರತಿಯೊಬ್ಬರಿಗೂ ಕೈಯಾರೆ ಉತ್ತರ ಬರೆಯುತ್ತಿದ್ದರು. ಎಷ್ಟೋ ಉತ್ತರಗಳು ಒಡೆಯದೆ ಹಿಂದಿರುಗಿದವು. ತೆಗೆದುಕೊಳ್ಳಬೇಕಾದವನು ಬದುಕಿರಲಿಲ್ಲ. ಅಂಥವರ ಕವಿತೆಗಳನ್ನು ಒಂದು ಟಿನ್ನಿನ ಪೆಟ್ಟಿಗೆಯಲ್ಲಿಟ್ಟು ಅವರು ಸಮುದ್ರ ದಾಟಿಸಿದ್ದರು. ಈಗ ಟೊರಾಂಟೋದ ಸಣ್ಣ ಪ್ರಕಾಶಕರೊಬ್ಬರು ಅವನ್ನು ಪುಸ್ತಕ ಮಾಡಲು ಒಪ್ಪಿದ್ದರು. ನಾನು ಓದಬೇಕು, ಅವರು ಆರಿಸಬೇಕು, ನಾನು ಟೈಪು ಮಾಡಬೇಕು.

ಒಂದು ಶನಿವಾರ ಟಾಮ್ ರಿಡ್ಲಿ ಎಂಬ ನಾವಿಕನ ಕವಿತೆ ಕೈಗೆ ಬಂತು. ಬಾಂಬಿನ ಭಯಕ್ಕೆ ದೀಪವಾರಿಸಿದ ಊರಿನಲ್ಲಿ ಒಬ್ಬ ರಜೆಗೆಂದು ಮನೆಗೆ ನಡೆಯುತ್ತಾನೆ. ಗೋಡೆ ಸವರುತ್ತ ಬಾಗಿಲುಗಳನ್ನು ಎಣಿಸುತ್ತಾನೆ. ತನ್ನ ಬಾಗಿಲು ಸಿಗುತ್ತದೆ, ತಟ್ಟಲು ಕೈಯೆತ್ತುತ್ತಾನೆ. ಅಲ್ಲಿಗೆ ಹಾಳೆ ಮುಗಿಯಿತು. ಎರಡನೆಯ ಹಾಳೆ ಪೆಟ್ಟಿಗೆಯಲ್ಲೆಲ್ಲೂ ಇರಲಿಲ್ಲ.

ನನ್ನನ್ನು ಬೆಳೆಸಿದ ಅಜ್ಜಿ ದ್ಯಾಮವ್ವ ಕಥೆಯ ನಡುವೆಯೇ ನಿದ್ದೆ ಹೋಗುತ್ತಿದ್ದಳು. ಅರ್ಧಕ್ಕೆ ಬಿಟ್ಟರೆ ಕಥೆಯ ಮಂದಿ ದಾರಿಯಲ್ಲೇ ನಿಂತಿರುತ್ತಾರೆ, ಉಳಿದದ್ದನ್ನು ಕೇಳಿದವರೇ ಮುಗಿಸಬೇಕು ಎಂಬುದು ನಮ್ಮ ಮನೆಯ ನಿಯಮ. ಎಷ್ಟು ರಾಜಕುಮಾರರನ್ನು ನಾನು ಮನೆ ಸೇರಿಸಿದ್ದೆನೋ. ಆ ಹುಡುಗನನ್ನೂ ಹಾಗೆ ಬಾಗಿಲಲ್ಲಿ ಬಿಡಲಾಗಲಿಲ್ಲ. ನಿಲ್ಲಿಸದೆ, ಓದುವ ದನಿಯಲ್ಲೇ, ಇಂಗ್ಲಿಷಿನಲ್ಲಿ ಎಂಟು ಸಾಲು ನಾನೇ ಹೇಳಿಬಿಟ್ಟೆ. ಅಕ್ಕ ಬಾಗಿಲು ತೆಗೆದಳು, ಕಾಲಿಗೆ ನೀರು ತಂದುಕೊಟ್ಟಳು, ಅವನು ಒಳಗೆ ಹೋದ.

ಪೆಂಬ್ರಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. “ಇಷ್ಟು ಚೆನ್ನಾಗಿ ಮುಗಿಸಿದ್ದನೇ? ಆ ಸಾಲುಗಳು ನನಗೆ ನೆನಪೇ ಇರಲಿಲ್ಲ” ಎಂದರು. ಕೂಡಲೇ ಕಾಗದ ಬರೆಸಿದರು. ಟಾಮ್‌ನ ಅಕ್ಕ ಈಡಿತ್ ಯಾರ್ಕ್‌ಶೈರಿನ ಲೀಡ್ಸ್‌ನಲ್ಲಿ ಇನ್ನೂ ಬದುಕಿದ್ದಳು. ಮನೆಯ ಬಗ್ಗೆ ತಮ್ಮ ಏನಾದರೂ ಬರೆದಿದ್ದನೇ ಎಂದು ವರ್ಷಗಳಿಂದ ಕೇಳಿ ಬರೆಯುತ್ತಿದ್ದಳು; ಅವಳ ಈಚಿನ ಕಾಗದವನ್ನು ಓದಿ ಹೇಳಿದವಳು ನಾನೇ. ‘ನಿಮ್ಮ ತಮ್ಮ ತನ್ನ ಕಡೆಯ ಸಾಲುಗಳಲ್ಲಿ ಮನೆಗೆ ಬಂದಿದ್ದಾನೆ. ಬಾಗಿಲು ತೆಗೆದವರು ನೀವು’ ಎಂದು ಪೆಂಬ್ರಿ ಹೇಳಿ ಬರೆಸಿದರು. ಕವಿತೆಯನ್ನೂ ಜೊತೆಗೆ ಟೈಪು ಮಾಡಿದೆ. ಅವರು ತಡವರಿಸಿ ಸಹಿ ಹಾಕಿದರು.

ಲಕೋಟೆ ಹಿಡಿದು ಕೆಳಗಿಳಿದರೆ ಗದಿಗೆಪ್ಪ ಕಾಕಾ ಬಾಗಿಲ ಮುಂದಿನ ಐಸಿಗೆ ಉಪ್ಪು ಚೆಲ್ಲುತ್ತಿದ್ದರು.

“ಯಾಕವ್ವಾ, ಮಾರಿ ಸಣ್ಣದಾಗೇತಲ್ಲ?”

ಹೇಳಿದೆ. ಕಾಕಾ ಉಪ್ಪಿನ ಬಕೆಟ್ಟು ಕೆಳಗಿಟ್ಟರು.

“ಸತ್ತವರ ಪದಾ ಮುಗಸಾಕ ನಿನಗ ಪಗಾರ ಕೊಡ್ತಾರೇನು?”

“ಅಕಿಗೆ ಸಮಾಧಾನ ಆಗ್ತದಲ್ಲ ಕಾಕಾ.”

“ಆಗ್ತದ. ಆದ್ರ ಅದು ಅಕೀ ತಮ್ಮಂದಲ್ಲ, ನಿಂದು. ಪೋಸ್ಟ್ ಡಬ್ಬಿ ಮೂಲಿಮ್ಯಾಗ ಐತಿ, ಲಿಫ್ಟು ಹಿಂದೈತಿ. ನಾ ಏನೂ ಹೇಳಾಂಗಿಲ್ಲ.”

ಲಿಫ್ಟಿನಲ್ಲಿ ಒಂಬತ್ತು ಮಹಡಿ ಏರುವಷ್ಟರಲ್ಲಿ ಈ ಕೆಲಸ ಹೋಯಿತು ಎಂದುಕೊಂಡೆ. ಕೆಲಸಕ್ಕಿಂತ ಹೆಚ್ಚಾಗಿ ಕಾಡಿದ್ದು, ನನ್ನ ದನಿಯನ್ನು ನಂಬಿ ಕೂತ ಆ ಮುಖ.

ನಿಂತುಕೊಂಡೇ ಎಲ್ಲ ಹೇಳಿದೆ. ಪೆಂಬ್ರಿ ಕೈಚಾಚಿ ಲಕೋಟೆ ತೆಗೆದುಕೊಂಡು ಎರಡಾಗಿ ಹರಿದರು.

“ಸತ್ತವರ ಸಾಲುಗಳನ್ನು ಕತ್ತರಿಸಿದ್ದೇನೆ. ಕಾಗದವಿರಲಿಲ್ಲ. ಸೇರಿಸಿದ್ದು ಮಾತ್ರ ಒಮ್ಮೆಯೂ ಇಲ್ಲ” ಎಂದರು. “ಕಳಿಸಿದ್ದರೆ ಅವಳು ಇದನ್ನು ಗೋಡೆಗೆ ಹಾಕಿಕೊಳ್ಳುತ್ತಿದ್ದಳು, ಗೊತ್ತೇ?”

“ಗೊತ್ತು.”

“ಆ ನೀರು ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಯಾರ್ಕ್‌ಶೈರಿನಲ್ಲಿ ಕಾಲಿಗೆ ಯಾರು ನೀರು ಕೊಡುತ್ತಾರೆ? ಬೂಟು ಒರೆಸಿಕೊಂಡು ಬಾ ಅಂತಾರೆ.”

ನಗಬೇಕೋ ಬೇಡವೋ ತಿಳಿಯಲಿಲ್ಲ. “ನಾಳೆಯಿಂದ ಬರುವುದು ಬೇಡವೇ?” ಎಂದೆ.

“ನಾಳೆ ಭಾನುವಾರ. ಸೋಮವಾರ ಬಾ. ಈಗ ಹೊಸ ಹಾಳೆ ಹಾಕು.”

ಎರಡನೆಯ ಕಾಗದ ಗಿಡ್ಡದು. ಕವಿತೆ ಅರ್ಧವೇ ಸಿಕ್ಕಿದೆ, ಅವನು ನಿಮ್ಮ ಬಾಗಿಲವರೆಗೆ ಬಂದಿದ್ದಾನೆ, ಮುಂದಿನದು ನಮ್ಮ ಬಳಿ ಇಲ್ಲ. ಪುಸ್ತಕದಲ್ಲಿ ಆ ಪುಟದ ಉಳಿದ ಭಾಗ ಖಾಲಿ ಬಿಡಬೇಕೆಂದು ಪ್ರಕಾಶಕರಿಗೂ ಬರೆಸಿದರು. ಒಂದಿಂಚು ಕಾಗದಕ್ಕೆ ಕವಿಗಳ ಜೊತೆ ಜಗಳವಾಡಿದ್ದ ಮನುಷ್ಯ ಅರ್ಧ ಪುಟ ಬಿಟ್ಟುಕೊಟ್ಟರು.

ನಾನು ಕೋಟು ಹಾಕಿಕೊಳ್ಳುವಾಗ ಕೇಳಿದರು, “ಆ ಎಂಟು ಸಾಲು ನಿನ್ನವು ತಾನೇ? ಹಾಗಾದರೆ ಸಂಕೋಚವಿಲ್ಲದೆ ಬೈಯಬಹುದು. ಕೂತುಕೋ. ನೀರು ಕೊಡುವ ಊರಿನ ಭಾಷೆಯಲ್ಲೇ ಹೇಳು.”

“ನಿಮಗೆ ಕನ್ನಡ ತಿಳಿಯುವುದಿಲ್ಲವಲ್ಲ.”

“ಸಾಲು ಎಲ್ಲಿ ಸುಸ್ತಾಗುತ್ತದೆ ಅನ್ನುವುದು ತಿಳಿಯುತ್ತದೆ.”

ಅದುವರೆಗೆ ನನ್ನದೆಂದು ಯಾರೂ ಏನನ್ನೂ ಕೇಳಿರಲಿಲ್ಲ. ತಪ್ಪು ಮಾಡಿದ ದಿನವೇ ಅದು ಸಿಕ್ಕಿತು. ಆ ಋಣ ನನ್ನ ಮೇಲೆ ಹಾಗೇ ಇದೆ. ಕೋಟು ತೊಟ್ಟುಕೊಂಡೇ ಕೂತು, ಕನ್ನಡದಲ್ಲಿ, ಮೆಲ್ಲಗೆ ಹೇಳಿದೆ.

“ಮೂರನೆಯದು ಉದ್ದವಾಯಿತು” ಎಂದರು ಪೆಂಬ್ರಿ.

ಮನಸ್ಸಿನಲ್ಲೇ ಓದಿ ನೋಡಿದೆ. ಹೌದು, ಉದ್ದವಾಗಿತ್ತು.