ಗೆಂಗ್ ಅಂಚೆಮನೆಯ ಒಂದೇ ಕುದುರೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಮೊದಲ ಡ್ರಾಫ್ಟಿನಲ್ಲಿ ಮಂಗೋಲರ ರಾಜಧಾನಿ ದಾದು ನಗರದ ಅರಮನೆ, ಸಿಂಹಾಸನದ ಮೇಲೆ ಖಾನ, ಮುಂದೆ ಸಾಲು ಒಂಟೆಗಳು, ಎಲ್ಲವೂ ಇದ್ದವು. ಭರ್ಜರಿಯಾಗಿತ್ತು. ಕಥಾನಾಯಕಿ ಗೆಂಗ್ ಅರ್ನಿಯಾಂಗ್ ಕೇಳಿಸಿಕೊಂಡು, "ಖಾನರ ಕಥೆ ಬರೆಯೋಕೆ ಅವರ ಹತ್ರಾನೇ ಜನ ಇದ್ದಾರೆ. ನೀವು ಲಾಯಕ್ಕೆ ಬನ್ನಿ," ಅಂದಳು.

(ಬಂದೆ. ಮೊದಲ ಹೆಜ್ಜೆಯಲ್ಲೇ ಲದ್ದಿ ತುಳಿದೆ. ಶುಭಾರಂಭ.)

೨

ಅರ್ನಿಯಾಂಗಳದು ಅಂಚೆಯ ಮನೆತನ. ಮಂಗೋಲರು ಬಂದ ಹೊಸತರಲ್ಲಿ ಮನೆಮನೆ ಎಣಿಸುತ್ತಾ ಬಂದವರು ಅವಳ ಮಾವನ ಅಪ್ಪನ ಹೆಸರಿನ ಮುಂದೆ 'ಅಂಚೆ' ಎಂದು ಬರೆದುಕೊಂಡು ಹೋದರು. ಅಷ್ಟೇ. ಅಂದಿನಿಂದ ಸರ್ಕಾರಿ ಸವಾರರಿಗೆ ಕುದುರೆ, ಊಟ, ಹಾಸಿಗೆ ಕೊಡುವುದು ಈ ಮನೆಯ ಪಾಲಿಗೆ ತಲೆತಲಾಂತರಕ್ಕೂ ಬಂತು. ಅಂಚೆದಾರಿ ಸೊಗಸಾಗಿದೆ, ಅದನ್ನು ಅವಳೂ ಒಪ್ಪುತ್ತಾಳೆ. ರಾಜಧಾನಿಯ ಆಜ್ಞೆ ಹಾರಿಕೊಂಡು ಬರುತ್ತದೆ, ಬುಖಾರಾದ ವ್ಯಾಪಾರಿ ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತಾನೆ. ಹುಲ್ಲು ಮಾತ್ರ ಅವಳ ಹೊಲದ್ದು.

ಇವತ್ತು ಲಾಯದಲ್ಲಿ ಮೂರು ಕುದುರೆಗಳಿವೆ. ಎರಡು ಗಂಡು; ಮೂರನೆಯದು ಗೋಧಿ ಬಣ್ಣದ ಹೆಣ್ಣು, ದಿನ ತುಂಬಿದ ಗಬ್ಬ. ಅಂಗಳದಲ್ಲಿ ಎಸೆನ್‌ಬುಕಾ ಎಂಬ ರಾಜದೂತ ಬಂದಿಳಿದಿದ್ದಾನೆ. ಅವನ ಸೊಂಟದ ಬೆಳ್ಳಿ ಬಿಲ್ಲೆಯ ಪ್ರಕಾರ ಮೂರು ಕುದುರೆ ಕೊಡಬೇಕು: ಅವನಿಗೊಂದು, ಸೇವಕನಿಗೊಂದು, ಗಂಟುಮೂಟೆಗೊಂದು.

೩

ಮೊದಲನೇ ಅಂತ್ಯ: ಹೆಣ್ಣುಕುದುರೆ ದಾರಿಯಲ್ಲೇ ಸಾಯುತ್ತದೆ. ಓದುಗರು ಅಳುತ್ತಾರೆ.

"ಕಣ್ಣೀರು ಬೇಕಿದ್ರೆ ಈರುಳ್ಳಿ ಹೆಚ್ಚಿ," ಅಂದಳು ಅರ್ನಿಯಾಂಗ್. ಹಾಳೆ ಒಲೆಗೆ ಹೋಯಿತು.

ಎರಡನೇ ಅಂತ್ಯ: ಗಬ್ಬದ ಕುದುರೆಗಳಿಗೆ ವಿನಾಯಿತಿ ಕೊಟ್ಟ ರಾಜಾಜ್ಞೆ ಸರಿಯಾಗಿ ಅದೇ ಗಳಿಗೆಗೆ ಬರುತ್ತದೆ.

"ಆ ಆಜ್ಞೆ ತರೋನಿಗೂ ಕುದುರೆ ನಾನೇ ಕೊಡಬೇಕಲ್ಲ?"

(ಪಾತ್ರಗಳನ್ನು ತಲೆಯ ಮೇಲೆ ಕೂರಿಸಿಕೊಂಡರೆ ಹೀಗೇ ಆಗುವುದು.)

೪

ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಅವಳು ಮೂಲಂಗಿ ತೂಗುವ ತಕ್ಕಡಿ ತಂದು ದೂತನ ಮುಂದೆ ನಿಂತಳು. ಮೂಟೆಯಲ್ಲಿ ಏನಿದೆ, ಎಷ್ಟಿದೆ ಎಂದು ಪುಸ್ತಕದಲ್ಲಿ ಬರೆಯಬೇಕಂತೆ, ಮೇಲಿನವರ ನಿಯಮವಂತೆ. ಸರ್ಕಾರದ ಕಾಗದಗಳು ಎರಡು ಮೂಲಂಗಿಯಷ್ಟು ತೂಗಿದವು. ಉಳಿದದ್ದೆಲ್ಲ ರೇಷ್ಮೆ, ದೂತನ ಸ್ವಂತ ವ್ಯಾಪಾರ. ಅವಳು ಕುಂಚವನ್ನು ಮಸಿಗೆ ಅದ್ದಿದಳು.

ಎಸೆನ್‌ಬುಕಾ ಮೊದಲು ಕೆಮ್ಮಿದ, ಆಮೇಲೆ ಗಹಗಹಿಸಿ ನಕ್ಕ. "ಬರೀಬೇಡ ಕಣಮ್ಮ. ಬಾಡಿಗೆ ಗಾಡಿ ಹಿಡೀತೀನಿ."

ಹೊರಡುವ ಮೊದಲು ಹೆಣ್ಣುಕುದುರೆಯ ಹೊಟ್ಟೆ ಸವರಿದ. ಎಷ್ಟಾದರೂ ಮಂಗೋಲ, ಹುಲ್ಲುಗಾವಲಿನವನು. ಬಿಸಿ ತೌಡು ಕೊಡು, ಇನ್ನೇನು ಸಂಜೆಯೊಳಗೆ ಆಗುತ್ತೆ ಎಂದು ಹೇಳಿ ಎರಡೇ ಕುದುರೆ ತೆಗೆದುಕೊಂಡು ಹೋದ.

ಅಂತ್ಯ?

ನಾನು ಆಸೆಯಿಂದ ಹೊಸ ಹಾಳೆ ತೆಗೆದೆ. ಹುಲ್ಲಿನ ಮೇಲೆ ಹೊಸ ಜೀವ, ಇಳಿಬಿಸಿಲು, ಕ್ಲೈಮ್ಯಾಕ್ಸ್. ಅರ್ನಿಯಾಂಗ್ ಲಾಯದ ಬಾಗಿಲಿಗೆ ಅಡ್ಡ ನಿಂತಳು. ಆಗ ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

"ಕುದುರೆ ಎಣಿಸೋರು ನಾಳೆ ಬರ್ತಾರೆ. ಬರೆದದ್ದೆಲ್ಲ ಅಂಚೆಗೆ ಸೇರತ್ತೆ. ಮೂರು ತಲೆಮಾರಿಂದ ನಮ್ಮದು ಅನ್ನೋಕೆ ಒಂದು ಪ್ರಾಣಿ ಇಲ್ಲ ಈ ಮನೇಲಿ. ನೀವೂ ಬರೆಯೋರೇ ಅಲ್ವಾ?"

ನನಗೆ ನಾಚಿಕೆಯಾಯಿತು. ಲೇಖನಿಗೆ ಮುಚ್ಚಳ ಹಾಕಿದೆ.

ಓದುಗರೇ, ಸಂಜೆಯಾಗಿದೆ. ಬಾಗಿಲ ಹಿಂದೆ ಅವಳು ಯಾರನ್ನೋ ಮುದ್ದಿನಿಂದ ಬೈಯುತ್ತಿದ್ದಾಳೆ. ಲಾಯದಲ್ಲಿ ಎಷ್ಟು ಕುದುರೆಗಳಿವೆ ಎಂದು ನಾಳೆ ಯಾರಾದರೂ ನಿಮ್ಮನ್ನು ಕೇಳಿದರೆ, ಒಂದೇ ಅನ್ನಿ.