ಸೆಲ್ಲು ತೆಗೀಬ್ಯಾಡ

"ಲೇ ಖೋಡಿ, ಒಳಗ ನಿಮ್ಮ ನಾನಿ ಮಯ್ಯತ್ ಐತಿ, ಹೊರಗ ನೀ ಗೇಮ್ ಆಡಾಕ ಹತ್ತೀಯಾ?"

ಉಮರ ಅಂಗಳದ ನಡುವೆ ನಿಂತು ಕೂಗಿದ. ಸಾವಿಗೆ ಬಂದು ಬೇವಿನ ನೆರಳಿನಲ್ಲಿ ಕುಳಿತ ಗಂಡಸರೆಲ್ಲ ತಿರುಗಿ ನೋಡಿದರು. ಪಡದೆಯ ಹಿಂದೆ ನೀರು ಕಾಯಿಸುತ್ತಿದ್ದ ಹೆಂಗಸರ ಮಾತೂ ನಿಂತಿತು.

ಮುನಾವರ ಕಟ್ಟೆಯ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದ. ತೊಡೆಯ ಮೇಲೆ ಹಳದಿ ಬಣ್ಣದ ವಿಡಿಯೋ ಗೇಮು ಬೋರಲು ಬಿದ್ದಿತ್ತು. ಅದರ ಬೆನ್ನಿನ ಮುಚ್ಚಳ ಎಂದೋ ಕಳೆದಿತ್ತು. ಅವನ ಎರಡೂ ಹೆಬ್ಬೆರಳು ಎರಡು ತಂತಿಗಳನ್ನು ಒಳಗಿನ ತಗಡಿಗೆ ಒತ್ತಿ ಹಿಡಿದಿದ್ದವು. ತಂತಿಗಳ ಇನ್ನೊಂದು ತುದಿಯಲ್ಲಿ ಟೇಪು ಸುತ್ತಿದ ಎರಡು ಪೆನ್ಸಿಲ್ ಸೆಲ್ಲು. ಗೇಮಿನೊಳಗಿನ ಸೆಲ್ಲುಗಳು ಸಾಯುತ್ತಿದ್ದವು. ಅವನ್ನು ತೆಗೆದು ಬೇರೆಯವನ್ನು ಕೂರಿಸುವ ತನಕ ಹೊರಗಿನಿಂದ ಕರೆಂಟು ಕೊಡುತ್ತಿರಬೇಕು. ಹೆಬ್ಬೆರಳು ಕದಲಿದರೆ ಅದರ ನೆನಪಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಹಾಗಾಗಿ ಅವನಿಗೆ ಏಳಲಿಕ್ಕೂ ಆಗಲಿಲ್ಲ, ಮಾಮು ಉಮರನ ಕಡೆ ಬೆರಳು ತೋರಿಸಲಿಕ್ಕೂ ಆಗಲಿಲ್ಲ.

"ಅದನ್ನ ತಂದುಕೊಟ್ಟ ನನ್ನ ಕೈ ಕಡೀಬೇಕು," ಉಮರ ಜನರ ಕಡೆ ತಿರುಗಿ ಹೇಳಿದ. "ಅದರ ಸಲುವಾಗಿ ಈ ನಾಲಾಯಕ್ ಸಾಲಿ ಬಿಟ್ಟ. ನಮ್ಮ ಅಮ್ಮನ ತಲೀನೂ ಕೆಡಿಸಿದ. ನರೇಗಲ್ ಸಂತ್ಯಾಗ ಮಂದಿ ನನ್ನ ಕೇಳ್ತಾರ, 'ಉಮರಸಾಬ್ರ, ನಿಮ್ಮ ತಾಯಿಯವರು ಟೀಂವ್ ಟೀಂವ್ ಮಾಡ್ಕೋತ ಕಟ್ಟೀಮ್ಯಾಲೆ ಕುಂತಿರ್ತಾರಂತಲ್ರಿ' ಅಂತ. ಮಾರೀ ಎಲ್ಲಿ ಇಟ್ಕೊಳ್ಳಿ ನಾನು?"

ಮುನಾವರನ ಬಾಯಿಗೆ ಮಾತು ಬಂದಿತ್ತು. ಒಂದಲ್ಲ, ಹತ್ತು. ಹೆಬ್ಬೆರಳುಗಳನ್ನು ಇನ್ನಷ್ಟು ಒತ್ತಿ ಹಿಡಿದ.

ಆಗ ಪಕ್ಕದ ಮನೆಯ ಅಡಿವೆವ್ವ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದಳು. ಗಂಡನ ಕಿಸೆರೇಡಿಯೋದಿಂದ ಬಿಚ್ಚಿ ತಂದ ಸೆಲ್ಲುಗಳು. ಅವಳು ಯಾರ ಮುಖವನ್ನೂ ನೋಡದೆ ಮುನಾವರನ ಮುಂದೆ ಕುಳಿತಳು.

"ಲಗೂ ಹೇಳಪಾ. ಮೂತಿ ಯಾವ ಕಡೆ?"

"ಒಂದರದ್ದು ಮ್ಯಾಲೆ, ಒಂದರದ್ದು ಕೆಳಗ. ಸಾವಕಾಶ, ಆಯಿ. ನನ್ನ ಬೆರಳಿಗೆ ತಾಕಿಸಬ್ಯಾಡ."

ಪ್ರತಿ ಸಲ ಈ ಕೆಲಸಕ್ಕೆ ಮೂರನೆಯ ಕೈ ನಾನಿ ಹಸನಬಿಯದಾಗಿತ್ತು. ಕೌದಿ ಹೊಲಿದು ಪಳಗಿದ ಆ ಬೆರಳುಗಳು ತಂತಿಯ ಸಂದಿನಲ್ಲಿ ಸೂಜಿಯ ಹಾಗೆ ತೂರಿ ಹೋಗುತ್ತಿದ್ದವು. ಅಡಿವೆವ್ವನೂ ಅವಳ ಜೊತೆ ಕೌದಿ ಹೊಲಿದವಳೇ. ಒಂದೊಂದಾಗಿ ಸೆಲ್ಲು ಕೂತವು.

"ಉಮರಪ್ಪಾ, ಅಂವ ಆಡಾಕ ಹತ್ತಿಲ್ಲ..." ಎಂದು ಅವಳು ಬಾಯಿ ತೆರೆದಳು. ಮುನಾವರ ಕಣ್ಣಿನಲ್ಲೇ ತಡೆದ. ಅವಳು ಮೂಗು ಒರೆಸಿಕೊಂಡು ಎದ್ದು ಹೋದಳು.

*

ಗೇಮನ್ನು ಉಮರನೇ ತಂದಿದ್ದ. ನಾಲ್ಕು ವರ್ಷದ ಹಿಂದಿನ ರಮಜಾನಿನಲ್ಲಿ, ಹುಬ್ಬಳ್ಳಿಗೆ ಬಳೆ ತರಲು ಹೋದಾಗ, ತಾಯಿಯಿಲ್ಲದ ಸೋದರಳಿಯನಿಗೆಂದು. ಆದರೆ ಅಂದು ಸಂಜೆ ರೋಜಾ ಬಿಟ್ಟ ಮೇಲೆ ಅದು ಮುನಾವರನ ಕೈಗೆ ಸಿಗಲೇ ಇಲ್ಲ. ಮಾಮು ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿ ತಾನೇ ಆಡತೊಡಗಿದ. ಮೇಲಿನಿಂದ ಇಟ್ಟಂಗಿ ಬೀಳುತ್ತವೆ, ತಿರುಗಿಸಿ ತಿರುಗಿಸಿ ಸಂದು ಬಿಡದಂತೆ ಕೂರಿಸಬೇಕು, ಸಾಲು ತುಂಬಿದರೆ ಮಾಯವಾಗುತ್ತದೆ.

ಹಸನಬಿ ಕೌದಿಗೆ ತುಂಡು ಜೋಡಿಸುತ್ತ ಬಗ್ಗಿ ನೋಡಿದಳು.

"ಏ, ಅದನ್ನ ಅಡ್ಡ ಯಾಕ ಹಾಕ್ತಿ? ಹೊಳ್ಳಿಸು. ಹಾಂ, ಈ ಮೂಲ್ಯಾಗ ಕುಂದರ್ತೈತಿ ನೋಡು."

"ನೀ ನಿನ್ನ ಕೌದಿ ನೋಡ್ಕೋ ಅಮ್ಮಾ."

"ಇದೂ ಕೌದೀನ ಅಲ್ಲೇನೋ? ಸೂಜಿ ಇಲ್ಲ, ಅಷ್ಟ."

ತಾಯಿ ಹೇಳಿದಳು, ಮಗ ಒತ್ತಿದ. ಆಟ ಮುಗಿದಾಗ ಉಮರ ಧಡಕ್ಕನೆ ಎದ್ದು ಕುಳಿತ. ಗೇಮಿನ ಪರದೆಯ ಮೂಲೆಯಲ್ಲಿ ಅಂಕ ೭೮೬೦೦ ಎಂದು ಬಿದ್ದಿತ್ತು.

"ಏಳು ಎಂಟು ಆರು! ಅಮ್ಮಾ, ಬಿಸ್ಮಿಲ್ಲಾದ ನಂಬರ! ಇನ್ನ ನನ್ನ ಅಂಗಡಿ ಹಿಡಿಯೋರು ಯಾರೂ ಇಲ್ಲ ನೋಡು." ತಾಯಿಯ ಗದ್ದ ಹಿಡಿದು ಅಲ್ಲಾಡಿಸಿದ. ಓಣಿಯವರನ್ನೆಲ್ಲ ಕರೆದು ತೋರಿಸಿದ. ಹಸನಬಿ ಗೇಮನ್ನು ಕಣ್ಣಿಗೊತ್ತಿಕೊಂಡಳು.

ಅದಾದ ಎರಡು ತಿಂಗಳಿಗೆ ಮುನಾವರ ಸಾಲಿ ಬಿಟ್ಟ. ಗೇಮಿಗಾಗಿ ಅಲ್ಲ. ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸಿ, ಸತ್ತ ತಾಯಿಯ ಹೆಸರು ತೆಗೆದು ಬೈದಿದ್ದರು. ಅವನು ಪಾಟೀಚೀಲ ಅಲ್ಲೇ ಒಗೆದು ಬಂದು ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಸೇರಿದ. ಉಮರ ಕುಣಿದಾಡಿದ. "ಈ ದಂಡಪಿಂಡಾನ್ನ ಸಾಕೋದಾದ್ರ ನಾ ಈ ಮನ್ಯಾಗ ಇರಂಗಿಲ್ಲ" ಎಂದ. "ಅಂವ ಎಲ್ಲಿಗೆ ಹೋಗ್ಬೇಕೋ? ನಿನಗ ಹೋಗಾಕ ಕಾಲ ಅದಾವು" ಎಂದಳು ಹಸನಬಿ. ಬಾಯಿ ತಪ್ಪಿ ಬಂದ ಮಾತು. ಉಮರ ಹೆಂಡತಿಯನ್ನು ಕರೆದುಕೊಂಡು ನರೇಗಲ್ಲಿಗೆ ಹೋಗಿ ಬಳೆಯಂಗಡಿ ಇಟ್ಟ. ಆಮೇಲೆ ಈದಿಗೊಮ್ಮೆ ಬರುತ್ತಿದ್ದ. ಬಾಗಿಲಲ್ಲಿ ನಿಂತು ಸಲಾಮು ಹೇಳಿ, ನಿಂತಂತೆಯೇ ಹೋಗುತ್ತಿದ್ದ.

ಆ ವಾರವೇ ಗೇಮಿನ ಸೆಲ್ಲು ಸೊರಗಿದವು. ಮುನಾವರ ಬದಲಿಸಲು ಹೋದಾಗ ಹಸನಬಿ ಅವನ ಮುಂಗೈ ಹಿಡಿದಳು.

"ಸೆಲ್ಲು ತೆಗೀಬ್ಯಾಡ. ತೆಗೆದ್ರ ಉಮರನ ನಂಬರ ಅಳಿಸಿ ಹೋಕ್ಕೈತಂತಲ್ಲ?"

ಆ ತಂತಿಯ ಉಪಾಯ ಮುನಾವರ ಅಂಗಡಿಯಲ್ಲಿ ಕಲಿತದ್ದು. ಅಂದಿನಿಂದ ಆ ಗೇಮು ಒಂದು ಗಳಿಗೆಯೂ ಉಸಿರು ನಿಲ್ಲಿಸಿರಲಿಲ್ಲ.

*

ಶವದ ಡೋಲಿ ಎತ್ತಿದಾಗ ಮುಂದಿನ ಎರಡು ಹೆಗಲು ಉಮರ ಮತ್ತು ಮುನಾವರನದೇ ಆದವು. ಮುನಾವರನ ಅಂಗಿಯ ಕಿಸೆಯಿಂದ ಕೌದಿಯ ತುಂಡಿನಲ್ಲಿ ಹೊಲಿದ ಸಣ್ಣ ಚೀಲವೊಂದು ಇಣುಕುತ್ತಿತ್ತು. ಗೇಮಿಗೆ ಹಸನಬಿಯೇ ಹೊಲಿದದ್ದು, ಅಂಚಿಗೆ ಕೆಂಪು ದಾರ, ಕುತ್ತಿಗೆಗೆ ಹಾಕಿಕೊಳ್ಳಲು ಲಾಡಿ.

"ಖಬರಸ್ತಾನಕ್ಕೂ ತಂದೀಯಾ?" ಉಮರ ಹಲ್ಲು ಕಚ್ಚಿ ಕೇಳಿದ.

ಮುನಾವರ ಹೆಗಲು ಬದಲಿಸಲಿಲ್ಲ. ಕಣ್ಣು ದಾರಿಯ ಮೇಲಿಟ್ಟು ನಡೆದ. ಬೇರೆ ಯಾರೋ ಹೆಗಲು ಕೊಡಲು ಬಂದರೆ ಮೊಣಕೈಯಿಂದ ಸರಿಸಿದ.

ಮಣ್ಣು ಕೊಟ್ಟಾದ ಮೇಲೆ ಗೋರಿ ತೋಡಿದ ಜಂಗ್ಲಿಸಾಬ ಗುದ್ದಲಿಗೆ ಒರಗಿ ಕುಳಿತ. ಹಸನಬಿಗಿಂತ ಹಿರಿಯ. ದಿನಾ ಅವಳ ಕಟ್ಟೆಯ ಮುಂದೆಯೇ ಮಸೀದಿಗೆ ಹೋಗುವವನು.

"ಒಮ್ಮೆ ಕೇಳಿದ್ನಿ," ಅವನು ಯಾರಿಗೆಂದಿಲ್ಲದೆ ಹೇಳಿದ. "ಏನ ಹಸನಬಿ, ಮುಂಜಾನಿಂದ ಇಟ್ಟಂಗಿ ಕಟ್ಟಾಕ ಹತ್ತೀದಿ, ಯಾರ ಮನಿ ಅಂದ್ನಿ. ನಿನ್ನ ಗೋರಿ ಅಂದ್ಲು! ಆದ್ರ ಏನ್ ಮಾಡ್ಲಿ ಜಂಗ್ಲಿಸಾಬಣ್ಣ, ಸಾಲು ತುಂಬಿದಂಗ ಮಾಯ ಆಕ್ಕಾವು, ನಿನ್ನ ಆಯುಷ್ಯ ಭಾಳ ಗಟ್ಟಿ ಐತಿ ಅಂದ್ಲು."

ಸುತ್ತಲಿದ್ದವರು ನಕ್ಕರು. ನಗುತ್ತಲೇ ಜಂಗ್ಲಿಸಾಬನ ಗಡ್ಡ ಒದ್ದೆಯಾಯಿತು. "ಈಗ ನೋಡು, ನಾನ ಅಕೀದು ತೋಡಿದ್ನಿ."

ಉಮರ ಮಾತ್ರ ನಗಲಿಲ್ಲ. ಮುಷ್ಟಿಯಲ್ಲಿ ಉಳಿದ ಮಣ್ಣನ್ನು ಹಾಕಲು ಮರೆತು ನಿಂತಿದ್ದ.

*

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಹಸನಬಿ ಎಂದೂ ಆಡದ ಹಾಗೆ ಆಡಿದ್ದಳು. ಮುನಾವರ ಊಟದ ತಾಟು ಬಿಟ್ಟು ಬಂದು ಅವಳ ಹೆಗಲ ಮೇಲಿನಿಂದ ನೋಡುತ್ತಿದ್ದ. ಇನ್ನೊಂದು ಸಾಲು ತುಂಬಿದರೆ ಮಾಮುವಿನ ನಂಬರು ಮುರಿಯುತ್ತದೆ. ಉದ್ದ ಇಟ್ಟಂಗಿ ಇಳಿಯುತ್ತಿತ್ತು. ಅದಕ್ಕಾಗಿಯೇ ಬಿಟ್ಟಂಥ ಸಂದೂ ಇತ್ತು.

ಹಸನಬಿ ಬಟನ್ನಿನಿಂದ ಬೆರಳು ತೆಗೆದಳು. ಇಟ್ಟಂಗಿ ಅಡ್ಡ ಬಿತ್ತು. ಅದರ ಮೇಲೆ ಇನ್ನೊಂದು. ಗುಡ್ಡೆ ಮೇಲಿನ ತನಕ ಏರಿ ಆಟ ಮುಗಿಯಿತು.

"ನಾನಿ! ಒಂದ ಸಾಲು ಬಾಕಿ ಇತ್ತಲ್ಲ! ಕಣ್ಣ ಕಾಣ್ಲಿಲ್ಲೇನ?"

"ಕಾಣ್ತಪಾ."

"ಮತ್ತ ಯಾಕ ಬಿಟ್ಟಿ?"

"ಮಗನ್ನ ಸೋಲಿಸಿ ಎಲ್ಲಿ ಹೋಗ್ಲಿ?"

ಮುನಾವರನಿಗೆ ಸಿಟ್ಟು ನೆತ್ತಿಗೇರಿತು. "ಬಾಗಲಾಗ ನಿಂತು ಹೋಗೋ ಮಗ. ನಾಳೆ ನರೇಗಲ್ಲಿಗೆ ಹೋಗಿ ಅವನ ಅಂಗಡ್ಯಾಗ ಹತ್ತ ಮಂದಿ ಮುಂದ ಹೇಳ್ತೀನಿ. ಇದನ್ನ ಅವನ ಮಾರೀಮುಂದ ಹಿಡೀತೀನಿ."

"ಬ್ಯಾಡ. ಹೇಳಿ ತೋರಿಸಿದ್ರ ಬೈದಂಗ ಆಕ್ಕೈತಿ. ಒಂದಿನ ಒಳಗ ಬಂದು ಕುಂದರ್ತಾನ, ಕೈಯಾಗ ಹಿಡೀತಾನ, ತಾನ ನೋಡ್ತಾನ." ಅವಳು ಗೇಮನ್ನು ಚೀಲಕ್ಕೆ ತೂರಿಸಿ ಗುಂಡಿ ಹಾಕಿದಳು. "ನೀ ಹೋಗು, ಗ್ವಾಡಿಮ್ಯಾಗಿನ ಸೆಲ್ಲು ಹೊಳ್ಳಿಸಿ ಬಾ. ಒಂದ ಮೈ ಕಾದಿರ್ತಾವು."

ತೀರಿದ ಸೆಲ್ಲುಗಳನ್ನು ಹಸನಬಿ ಎಸೆಯುತ್ತಿರಲಿಲ್ಲ. ಸಂಡಿಗೆಯ ಹಾಗೆ ಬಿಸಿಲಿಗಿಟ್ಟು ಮತ್ತಷ್ಟು ಜೀವ ತೆಗೆಯುತ್ತಿದ್ದಳು.

*

ಮನೆಗೆ ಬಂದ ಮೇಲೆ ಉಮರ ಒಳಗೆ ಹೋದ. ಎಷ್ಟೋ ವರ್ಷಗಳ ನಂತರ ಹೊಸ್ತಿಲು ದಾಟಿದ್ದ. ಅಮ್ಮನ ಸೀರೆ, ಚಪ್ಪಲಿ, ಹಾಸಿಗೆ ಎಲ್ಲವನ್ನೂ ದಾನಕ್ಕೆಂದು ಒಂದು ಗಂಟು ಕಟ್ಟತೊಡಗಿದ. ಅರ್ಧ ಹೊಲಿದ ಕೌದಿ ಕೈಗೆ ಬಂದಾಗ ಅದರ ಮೇಲೆಯೇ ಕುಸಿದು ಕುಳಿತ. ಸೂಜಿ ಇನ್ನೂ ಅದರಲ್ಲೇ ಚುಚ್ಚಿತ್ತು.

ಬಾಗಿಲಲ್ಲಿ ಮುನಾವರ ನಿಂತಿದ್ದ.

"ಅದನ್ನೂ ಕೊಡು," ಉಮರ ಮುಖವೆತ್ತದೆ ಕೈ ಚಾಚಿದ. ಧ್ವನಿಯಲ್ಲಿ ಮುಂಜಾನೆಯ ಜೋರು ಇರಲಿಲ್ಲ. "ಸೆಲ್ಲು ತೆಗೆದು ಯಾರಾದ್ರೂ ಹುಡುಗರಿಗೆ ಕೊಟ್ಟುಬಿಡೂಣು."

ಅಡಿವೆವ್ವ ಅಡಿಗೆಮನೆಯಿಂದ ಇಣುಕಿದಳು. ಮುನಾವರ ಚೀಲದ ಗುಂಡಿ ಬಿಚ್ಚಿದ. ಗೇಮನ್ನು ಹೊರತೆಗೆದು, ಬಟನ್ ಒತ್ತಿ, ಮಾಮುವಿನ ಅಂಗೈಯಲ್ಲಿಟ್ಟ.

ಟೀಂವ್ ಟೀಂವ್ ಎಂದು ಅದು ಹಾಡಿತು. ಉಮರ ಸೆಲ್ಲು ಕೀಳಲು ಉಗುರು ಹಾಕಿದವನು ಹಾಗೆಯೇ ತಡೆದ. ಪರದೆಯನ್ನು ಬೆಳಕಿಗೆ ಹಿಡಿದ. ತೋಳಿನಿಂದ ಕಣ್ಣೊರೆಸಿಕೊಂಡು ಮತ್ತೆ ಹಿಡಿದ.

"ಏಳು... ಎಂಟು..." ಎಂದ. ಉಗುರು ಸೆಲ್ಲಿನಿಂದ ಮೆಲ್ಲಗೆ ಹಿಂದೆ ಸರಿಯಿತು. ಆಮೇಲೆ ಇಡೀ ಅಂಗೈ ಗೇಮಿನ ತೆರೆದ ಬೆನ್ನನ್ನು ಮುಚ್ಚಿತು. "ಮುನ್ಯಾ, ಇದು ಆ ರಮಜಾನದ್ದಲ್ಲೇನೋ? ನಂದಲ್ಲೇನೋ ಇದು? ಇಷ್ಟು ದಿನ ಹ್ಯಾಂಗ ಉಳೀತು?"

ಮುಂಜಾನೆಯಿಂದ ಮಸೆದಿಟ್ಟ ಮಾತುಗಳೆಲ್ಲ ಮುನಾವರನ ನಾಲಿಗೆಯ ತುದಿಯಲ್ಲಿದ್ದವು. ಅವನು ತಿರುಗಿ ಅಂಗಳಕ್ಕೆ ಇಳಿದ.

"ಮುನಾವರ, ಹೇಳೋ ಮಗನ, ಅಕಿ ಏನ್ ಅಂತಿದ್ಲು?"

ಗೋಡೆಯ ಮೇಲೆ ಹಸನಬಿ ನಿನ್ನೆ ಇಟ್ಟ ಎರಡು ಸೆಲ್ಲು ಇಳಿಬಿಸಿಲಿನಲ್ಲಿ ಹಾಗೆಯೇ ಇದ್ದವು. ಮುನಾವರ ಒಂದೊಂದನ್ನೇ ಮುಟ್ಟಿ ನೋಡಿದ. ಒಂದು ಮೈ ಚೆನ್ನಾಗಿ ಕಾದಿತ್ತು. ಎರಡನ್ನೂ ಹೊಳ್ಳಿಸಿಟ್ಟು, ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯ ದಾರಿ ಹಿಡಿದ.