ಇಂದ್ರವ್ವನ ಮಗಳ ಏಳು ಚಿತ್ರಗಳು

ಮೂಡಲಗಿಯ ಸಾಲೆ ಮಾಸ್ತರ ಉದ್ದಪ್ಪನಿಗೆ ಚಿತ್ರ ತೆಗೆಯುವ ಹುಚ್ಚು. ಧಾರವಾಡದಲ್ಲಿ ಅವನಿಗೆ ಚಿತ್ರಕಲೆ ಕಲಿಸಿದ್ದ ಅಪ್ಪಣ್ಣ ಮಾಸ್ತರರು ೧೯೩೬ರ ದಸರೆಯ ಸೂಟಿಗೆ ಅವನಿಗೊಂದು ಕಾರ್ಡು ಬರೆದರು. ಗೋಕಾಕದ ಜಲಪಾತದ ಬಾಜೂಕ ಹತ್ತು ದಿನ ಇದ್ದು ಚಿತ್ರ ಬರೆಯೋಣ, ಬಾ ಎಂದು. ಕರೆಗಿಂತ ಕಟ್ಟಳೆಯೇ ದೊಡ್ಡದಿತ್ತು: ಒಂದೇ ಚೀಲ, ಎರಡು ಧೋತರ, ಒಂದು ಕಂಬಳಿ, ಹತ್ತು ಹಾಳೆ, ಪೆನ್ಸಿಲು. ಗಂಟು ಹೊತ್ತು ಬಂದವನ ಕಣ್ಣು ಗಂಟಿನ ಮೇಲೆಯೇ ಇರುತ್ತದೆ, ಹೊಳೆಯ ಮೇಲೆ ಇರುವುದಿಲ್ಲ ಎಂದಿದ್ದರು. ಹೆಂಡತಿ ಕಟ್ಟಿಕೊಟ್ಟ ಶೇಂಗಾ ಹಿಂಡಿಯನ್ನೂ ಹೊರಗಿಟ್ಟು ಉದ್ದಪ್ಪ ಹೊರಟ.

ಜಲಪಾತದ ಬದಿಯ ಗುಡಿಯ ಪಡಸಾಲೆಯಲ್ಲಿ ಮಾಸ್ತರರೂ ಶಿಷ್ಯರೂ ಸೇರಿ ಐದು ಜನ ಉಳಿದುಕೊಂಡರು. ಅಡಿಗೆಗೆ ಕೊಣ್ಣೂರಿನಿಂದ ಇಂದ್ರವ್ವ ಎಂಬಾಕೆ ಬರುತ್ತಿದ್ದಳು. ಮಾತು ಕಡಿಮೆ. ರೊಟ್ಟಿ ಬಡಿದು, ಎಲ್ಲರೂ ಉಂಡ ಮೇಲೆ ತಾನುಂಡು, ಹೊತ್ತು ಮುಳುಗುವ ಮೊದಲೇ ಊರಿಗೆ ಹೋಗಿಬಿಡುವಳು.

ಮೂರನೆಯ ದಿನ ಉದ್ದಪ್ಪ ಹೊಳೆಯಲ್ಲಿ ಅರಿಬಿ ಒಗೆಯುವ ಹೆಂಗಸರನ್ನು ಬರೆದು ತಂದ. ನೀರು ಕೊಡಲು ಬಂದ ಇಂದ್ರವ್ವ ಚಿತ್ರದಲ್ಲಿ ತನ್ನ ಓಣಿಯ ಮುದಕವ್ವನ ಗುರುತು ಹಿಡಿದಳು. ಬಗ್ಗಿದ ಬೆನ್ನು, ಮೊಂಡು ಮೂಗು, ಎಲ್ಲ ಅವಳದೇ. ಇಂದ್ರವ್ವ ತಂಬಿಗೆಯನ್ನು ಕೆಳಗಿಟ್ಟಳು. ತನಗೊಬ್ಬಳು ಮಗಳಿದ್ದಳು, ಬಾಳವ್ವ ಅಂತ, ಒಂಬತ್ತು ವರ್ಷದಾಕೆ, ಮೂರು ವರ್ಷದ ಹಿಂದೆ ವಾಂತಿಭೇದಿಯಲ್ಲಿ ಹೋದಳು ಎಂದಳು. ಆಮೇಲೆ ಕೇಳಿದಳು:

“ನಾ ಹೇಳತೇನಿ, ನೀವು ಬರೀತೀರೇನ್ರಿ ಮಾಸ್ತರ?”

ಉದ್ದಪ್ಪನಿಗೆ ಇಲ್ಲವೆನ್ನಲಾಗಲಿಲ್ಲ.

ಮರುದಿನ ಒಲೆಯ ಮುಂದೆ ಕೂತು ಇಂದ್ರವ್ವ ಹೇಳುತ್ತ ಹೋದಳು. ಅಗಲವಾದ ಹಣೆ, ಅಪ್ಪನದೇ. ಎಡಹುಬ್ಬಿನ ಹತ್ತಿರ ಗಾಯದ ಕಲೆ. ನಕ್ಕರೆ ಒಂದು ಕಣ್ಣು ಸಣ್ಣಗಾಗುತ್ತಿತ್ತು. ಉದ್ದಪ್ಪ ಬರೆದು ತೋರಿಸಿದ. ಹಣೆ ಆಕೆಯದೇ, ಮೂಗು ಅಲ್ಲ ಎಂದಳು. ಎರಡನೆಯದರಲ್ಲಿ ಮೂಗು ಬಂತು, ಗಲ್ಲ ಬರಲಿಲ್ಲ. ದಿನಕ್ಕೊಂದು ಹಾಳೆ ಹೋಗತೊಡಗಿತು. ಉಳಿದವರು ಜಲಪಾತವನ್ನೂ ತೂಗುಸೇತುವೆಯನ್ನೂ ಬರೆಯುತ್ತಿದ್ದರೆ ಉದ್ದಪ್ಪ ಒಲೆಯ ಹೊಗೆಯಲ್ಲಿ ಕೂತಿರುತ್ತಿದ್ದ.

ಅಪ್ಪಣ್ಣ ಮಾಸ್ತರರು ಇದನ್ನು ನೋಡಿ ನೋಡಿ ಒಂದು ದಿನ ಅವನನ್ನು ಬದಿಗೆ ಕರೆದರು.

“ಕಾಣದ್ದನ್ನ ಬರೀಬ್ಯಾಡೋ ಉದ್ದಪ್ಪ. ನೀ ಬರದದ್ದು ಆಕಿ ಕಣ್ಣಾಗ ಹೋಗಿ ಕುಂದರತೈತಿ.”

ಉದ್ದಪ್ಪ ಕೇಳಲಿಲ್ಲ. ಐದನೆಯ ಚಿತ್ರವನ್ನು ನೋಡಿದಾಗ ಇಂದ್ರವ್ವ, ಸನೇಕ ಬಂದಳು, ಬಹಳ ಹತ್ತಿರ ಎಂದು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಆ ಒಂದು ಮಾತು ಅವನ ತಲೆಗೆ ಏರಿತ್ತು. ಕಾಣದ ಮುಖವನ್ನು ಕೈಯಲ್ಲಿ ಹಿಡಿದವನು ಯಾರಿದ್ದಾನೆ? ಆಮೇಲಿನ ಎರಡು ಚಿತ್ರಗಳನ್ನು ಅವನು ಬರೆದದ್ದು ಅವಳಿಗಾಗಿ ಅಲ್ಲ, ಗೆಲ್ಲಲಿಕ್ಕೆ. ಅವಳು ಹೇಳುವುದು ತಡವರಿಸುತ್ತಿತ್ತು. ಕಲೆ ಎಡಕ್ಕೋ ಬಲಕ್ಕೋ ಎಂದು ಒಮ್ಮೆ ಕೈಯಿಂದ ತನ್ನ ಹುಬ್ಬನ್ನೇ ಮುಟ್ಟಿ ನೋಡಿಕೊಂಡಳು. ಅದನ್ನು ಕಂಡೂ ಅವನು ಪೆನ್ಸಿಲು ಕೆಳಗಿಡಲಿಲ್ಲ.

ಹತ್ತನೆಯ ದಿನ ಕೊನೆಯ ಹಾಳೆ ತುಂಬಿತು. ತನ್ನ ಬದುಕಿನಲ್ಲೇ ಅಂಥ ಚಿತ್ರ ಬರೆದಿಲ್ಲವೆಂದು ಉದ್ದಪ್ಪನಿಗೆ ಗೊತ್ತಿತ್ತು. ಇಂದ್ರವ್ವ ಅದನ್ನು ಬಹಳ ಹೊತ್ತು ನೋಡಿದಳು. ಹಿಂದಿನ ಆರನ್ನೂ ಕೇಳಿ ಇಸಿದುಕೊಂಡು, ನೆಲ ಒರೆಸಿ, ಏಳನ್ನೂ ಸಾಲಾಗಿ ಹಾಸಿದಳು. ಒಂದೊಂದರ ಮುಂದೆಯೂ ಕೂತೆದ್ದಳು. ಕೊನೆಗೆ ಅವಳ ದನಿ ಕೇಳಿಸಲಾರದಷ್ಟು ಸಣ್ಣದಾಗಿತ್ತು.

“ಇದರಾಗ ನನ್ನ ಮಗಳು ಯಾವಾಕೀರಿ? ನೀವ ಹೇಳ್ರಿ. ನನಗ ಆಕಿ ಮಾರಿ ನೆನಪಾಗವಲ್ದು.”

ಏನು ಮಾಡಿದೆನೆಂದು ಉದ್ದಪ್ಪನಿಗೆ ಆಗ ತಿಳಿಯಿತು. ಮೂರು ವರ್ಷ ಅವಳು ಕಣ್ಣು ಮುಚ್ಚಿದರೆ ಸಾಕು, ಎದುರು ಬಂದು ನಿಲ್ಲುತ್ತಿದ್ದ ಕೂಸನ್ನು ಏಳೇ ದಿನದಲ್ಲಿ ಅಳಿಸಿ ಹಾಕಿದ್ದ. ಹಾಳೆಗಳನ್ನು ಬಾಚಿ ಒಲೆಗೆ ಹಾಕಲು ಹೋದ. ಇಂದ್ರವ್ವ ಅವನ ಕೈ ತಡೆದಳು.

“ಸುಡಬ್ಯಾಡ್ರಿ. ಒಂದರಾಗರ ಆಕಿ ಇದ್ದಾಳು.”

ಏಳನ್ನೂ ಸುರುಳಿ ಸುತ್ತಿ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಆ ಚಳಿಗಾಲದಲ್ಲಿ ಉದ್ದಪ್ಪನಿಗೆ ಹುಕ್ಕೇರಿಗೆ ವರ್ಗವಾಯಿತು. ಮಕ್ಕಳಿಗೆ ತಂಬಿಗೆ, ಎಲೆ, ಬಂಡಿಗಾಲಿ ಬರೆಯಲು ಕಲಿಸಿದ. ಮನುಷ್ಯರ ಮುಖ ಬರೆಯಲು ಅವನ ಕೈ ಏಳಲಿಲ್ಲ. ಮರುವರ್ಷ ಅಪ್ಪಣ್ಣ ಮಾಸ್ತರರ ಕಾರ್ಡು ಬಂದರೂ ಹೋಗಲಿಲ್ಲ. ಆದರೆ ಸೂಟಿಯಲ್ಲಿ ಒಂದು ಮುಂಜಾನೆ ಕೊಣ್ಣೂರಿಗೆ ಹೋದ.

ಇಂದ್ರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನೋಡಿದೊಡನೆ ಗುರುತು ಹಿಡಿದು ಕಂಬಳಿ ಹಾಸಿದಳು. ಹುಕ್ಕೇರಿಯಿಂದ ಬಂದೆ, ತಪ್ಪಾಯಿತು ಎಂದು ಅವನು ಹೇಗೆ ಹೇಗೋ ಹೇಳಿದ. ಕೇಳಿದವಳು ತಾನಲ್ಲವೇ, ಬರೆದವರದೇನು ತಪ್ಪು ಎಂದಳು ಅವಳು. ಮೊರದಲ್ಲಿನ ಜೋಳವನ್ನು ಎರಡು ಸಲ ಕೇರಿ, ಕಲ್ಲು ಆರಿಸುತ್ತ, ತಲೆ ಎತ್ತದೆ ಮತ್ತೆ ಅಂದಳು:

“ಕನಸಿನ್ಯಾಗ ಈಗೂ ಬರ್ತಾಳ್ರಿ. ಖರೆ, ಬೆನ್ನು ಮಾಡಿ ನಿಂತಿರ್ತಾಳ. ಕರದರ ಹೊಳ್ಳಿ ನೋಡೂದಿಲ್ಲ.”

ಅವಳು ಒಳಗೆ ಹೋಗಿ ರೊಟ್ಟಿ, ಪುಂಡಿಪಲ್ಲೆ ತಂದಿಟ್ಟಳು. ಅವನು ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡ. ಬಿಸಿಲು ಏರುತ್ತದೆ, ಹುಕ್ಕೇರಿ ದೂರ, ಉಣ್ಣಿರಿ ಎಂದು ಅವಳು ಎದುರಿಗೇ ಕೂತಳು.